ಗಂಟಣ್ಣನ ಗಂಟಿರುವ ಮಷೀನು

ಹುಲ್ಲಿನ ಮಷೀನು ಇಟ್ಟುಕೊಂಡವರೆಲ್ಲ ಅವನನ್ನು ಕರೆಯುವುದು ಗಂಟಣ್ಣ ಎಂದು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತೆಪ್ಪಗೆ ಬಿದ್ದುಕೊಂಡಿದೆ. ಹೆಂಡತಿ ಬದುಕಿದ್ದಾಗ ಅವಳೂ ಸಿಟ್ಟು ಬಂದರೆ 'ಏನ್ರೀ ಗಂಟಣ್ಣೋರೇ' ಎಂದೇ ಕೆಣಕುತ್ತಿದ್ದಳು. ಕೊಯ್ದು ಒಣಗಿಸಿದ ಹುಲ್ಲನ್ನು ಹೊಲದಿಂದ ಬಾಚಿಕೊಂಡು, ಗುದ್ದಿ ಗುದ್ದಿ ಒತ್ತಿ, ಬಟ್ಟೆ ಬೀರುವಿನಷ್ಟು ದೊಡ್ಡ ಚೌಕದ ಪೆಂಡಿ ಮಾಡಿ, ಆರು ಸಾಲು ದಾರ ಬಿಗಿದು ಹಿಂದಿನಿಂದ ಕೆಡವುವ ಮಷೀನು ಇದೆಯಲ್ಲ, ದೊಡ್ಡ ಬೇಲರ್, ಅದರ ನೆತ್ತಿಯ ಮೇಲೆ ಗಂಟು ಹಾಕುವ ಆರು ಕಬ್ಬಿಣದ ಬೆರಳುಗಳಿರುತ್ತವೆ. ಅವುಗಳಲ್ಲಿ ಒಂದು ಸವೆದು ಗಂಟು ತಪ್ಪಿದರೂ ಸಾಕು, ಪೆಂಡಿ ಹೊಲದ ನಡುವೆ ಬಿರಿದು ಹರಡಿಕೊಳ್ಳುತ್ತದೆ. ಆಗ ಮಾಲೀಕ ತಲೆಯ ಮೇಲೆ ಕೈಹೊತ್ತುಕೊಂಡು ಮೊದಲು ಫೋನು ಮಾಡುವುದು ಗಂಟಣ್ಣನಿಗೆ.

ಮೂವತ್ತೈದು ವರ್ಷ ಆ ಬೆರಳುಗಳ ಜೊತೆ ಏಗಿದ ಮನುಷ್ಯ. ಎಡಗೈಯವನು. ಕಬ್ಬಿಣ ಹಾಕುವ ಗಂಟಿಗಿಂತ ಅವನು ಕೈಯಲ್ಲಿ ಹಾಕುವ ಗಂಟೇ ಹೆಚ್ಚು ಹೆಸರುವಾಸಿ. ಎಡಗಡೆಯಿಂದ ಎರಡು ಸುತ್ತು, ಬಾಲವನ್ನು ಒಳಗೇ ಮಡಚಿ ಅಡಗಿಸುವುದು, ಕೊನೆಗೆ ಹೆಬ್ಬೆರಳಲ್ಲಿ ಒಂದು ಒತ್ತು. ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಎಷ್ಟೋ ಜನ ಅದನ್ನು ನೋಡಿ ಕಲಿಯಲು ಹೋಗಿ ಬೆರಳು ಸಿಕ್ಕಿಸಿಕೊಂಡು ಬೈಸಿಕೊಂಡಿದ್ದಾರೆ. ಹಳೇ ಬೇಲರ್ ಕೊಳ್ಳುವವರು ಯಾರೇ ಇರಲಿ, ಮಷೀನಿನ ಮೇಲೆ ಆ ಗಂಟು ಕಂಡರೆ 'ಓ, ಗಂಟಣ್ಣನ ಕೈ ಬಿದ್ದಿದೆ, ಕಣ್ಮುಚ್ಚಿಕೊಂಡು ತಗೋಬಹುದು' ಎನ್ನುತ್ತಿದ್ದರು. ಕಾಣದಿದ್ದರೆ ಗಂಟಣ್ಣನನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸುತ್ತಿದ್ದರು.

ಆ ಗಂಟು ಇರುತ್ತಿದ್ದುದು ಎಲ್ಲಿ ಎನ್ನುವುದನ್ನೂ ಹೇಳಿಬಿಡಬೇಕು. ಬೇಲರಿನ ಮೂತಿಯ ಹತ್ತಿರ ಎದೆಯೆತ್ತರದ ಒಂದು ಭಾರಿ ಗಾಲಿ ಇದೆ. ಎಳೆಯುವ ಟ್ರ್ಯಾಕ್ಟರಿನ ಇಂಜಿನ್ನಿನಿಂದ ಅದು ತಿರುಗಿದರೆ ಒಳಗಿನ ಪಿಸ್ಟನ್ ಹುಲ್ಲನ್ನು ಗುದ್ದುತ್ತದೆ. ಮಷೀನು ನಿಂತ ಕೂಡಲೇ ಒಂದು ಕಬ್ಬಿಣದ ಕೊಕ್ಕೆ ತಾನಾಗಿ ಕೆಳಗೆ ಬಿದ್ದು ಗಾಲಿಯ ಹಲ್ಲನ್ನು ಕಚ್ಚಿ ಹಿಡಿಯಬೇಕು. ಯಾರಾದರೂ ಒಳಗೆ ಇಳಿದಾಗ ಗಾಲಿ ಅಲ್ಲಾಡಬಾರದು, ಅದಕ್ಕೆ ಆ ಕೊಕ್ಕೆ. ಆದರೆ ಸಿಕ್ಕಿಕೊಂಡ ಹುಲ್ಲು ತೆಗೆಯಲು ಗಾಲಿಯನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಬೇಕಾಗುತ್ತದೆ, ತಿರುಗಿಸಲು ಹೋದರೆ ಈ ಕೊಕ್ಕೆ ಮತ್ತೆ ಮತ್ತೆ ಬಂದು ಬೀಳುತ್ತದೆ. ಒಬ್ಬನೇ ಕೆಲಸ ಮಾಡುವವನಿಗೆ ಅದು ಪ್ರಾಣಸಂಕಟ. ಹಾಗಾಗಿ ರಿಪೇರಿ ಮುಗಿದ ಮೇಲೆ ಎಲ್ಲರೂ ಕೇಳುತ್ತಿದ್ದರು, "ಗಂಟಣ್ಣ, ಆ ದರಿದ್ರದ ಕೊಕ್ಕೆ ಒಂದು ಮೇಲಕ್ಕೆ ಕಟ್ಟಿಬಿಡಿ." ಗಂಟಣ್ಣ ಕಟ್ಟುತ್ತಿದ್ದ. ಅದಕ್ಕೆ ಕೂಲಿ ತೆಗೆದುಕೊಳ್ಳುತ್ತಿರಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಬಾಡಿಗೆ ಬೇಲರ್ ಎಳೆದುಕೊಂಡು ಊರೂರು ಸುತ್ತಿ ಹುಲ್ಲು ಕಟ್ಟಿಕೊಡುವ ಗಟ್ಟಿಗಿತ್ತಿ. ಈ ವರ್ಷ ಒಂದು ದೊಡ್ಡ ಹಾಲಿನ ಫಾರ್ಮಿನವರು ಇಡೀ ಹಂಗಾಮಿನ ಹುಲ್ಲು ಕಟ್ಟುವ ಕೆಲಸ ನಿನಗೇ ಎಂದಿದ್ದರು, ಆದರೆ ಸ್ವಂತ ಮಷೀನು ಇರಬೇಕು, ಅದೂ ಸೋಮವಾರದೊಳಗೆ. ಇಲ್ಲದಿದ್ದರೆ ಬೇರೆಯವರು ಕಾದು ಕೂತಿದ್ದಾರೆ. ಅವಳು ಮೂರು ವಾರದಿಂದ ಹಳೇ ಬೇಲರ್ ಹುಡುಕಿ ಹುಡುಕಿ ಸೋತಿದ್ದಳು. ಕೊನೆಗೆ ಪೇಪರಿನಲ್ಲಿ ನಾಲ್ಕು ಸಾಲಿನ ಜಾಹೀರಾತು ಸಿಕ್ಕಿತು.

"ವಿಚಿತ್ರ ಹೆಂಗಸಪ್ಪ," ಎಂದಳು ಫೋನು ಇಟ್ಟು. "ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದ್ರೆ, ನೋಡೋಕೆ ಯಾರನ್ನ ಕರ್ಕೊಂಡು ಬರ್ತೀರಿ ಅಂತ ಕೇಳ್ತಾಳೆ. ನಮ್ಮಪ್ಪ ಗಂಟಣ್ಣ ಅಂದೆ. ಹೆಸರು ಕೇಳಿದ್ದೇ, ನಾಳೆಯೇ ಬನ್ನಿ ಅಂದ್ಳು."

"ಯಾರು ಬರ್ತೀರಿ ಅಂತ ಕೇಳೋ ಹೆಂಗಸಿನ ಮಷೀನಾ?" ಎಂದ ಗಂಟಣ್ಣ. "ಐದು ವರ್ಷದಿಂದ ಮಾರಾಟಕ್ಕಿದೆ ಅಂತಾರೆ. ಏಳು ಜನ ಹೋಗಿ ನೋಡಿ ಬಂದಿದ್ದಾರೆ, ಒಬ್ಬರಿಗೂ ಕೊಟ್ಟಿಲ್ಲ. ಅವಳ ಗಂಡ ಅದರೊಳಗೇ ಸಿಕ್ಕಿ ಸತ್ತ. ಇಂಜಿನ್ ಆಫ್ ಮಾಡದೆ ನುಗ್ಗಿದ್ನಂತೆ, ದಡ್ಡ."

ಇದು ಅವನು ಎಲ್ಲರಿಗೂ ಹೇಳುತ್ತಿದ್ದ ಪಾಠ. ಹೊಸದಾಗಿ ಮಷೀನು ಹಿಡಿದವರನ್ನು ನಿಲ್ಲಿಸಿಕೊಂಡು, 'ಅಲ್ಲೊಬ್ಬ ಇದ್ದ, ಇಂಜಿನ್ ಆಫ್ ಮಾಡದೆ ಒಳಗೆ ಹೋದ, ಪೆಂಡಿ ಆಗಿ ಹೊರಗೆ ಬಂದ' ಎಂದು ಹೇಳಿ, ಕೇಳಿದವರ ಮುಖ ಬಿಳುಚಿಕೊಂಡರೆ ತೃಪ್ತಿಪಡುತ್ತಿದ್ದ. ಆ ಸತ್ತವನ ಮನೆ ಯಾವ ದಿಕ್ಕಿನಲ್ಲಿದೆ ಎಂದೂ ಅವನಿಗೆ ಗೊತ್ತಿರಲಿಲ್ಲ.

ಮರುದಿನ ಮೋಡ ಕವಿದ ಮಧ್ಯಾಹ್ನ ಅಪ್ಪ ಮಗಳು ಹೋಗಿ ಇಳಿದರು. ಅಂಗಳ ಗುಡಿಸಿ ಚೊಕ್ಕಟವಾಗಿತ್ತು. ಜಗಲಿಯ ಕುರ್ಚಿಯಲ್ಲಿ ಒಬ್ಬ ಮುದುಕಿ, ಮಡಿಲಲ್ಲಿ ಕೈ ಇಟ್ಟುಕೊಂಡು, ಇವರು ಬರುವುದನ್ನೇ ನೋಡುತ್ತಿದ್ದಳು.

"ಇಂಜಿನ್ ಆಫ್ ಮಾಡಿದ್ರಾ?" ಎಂದಳು.

"ಮಾಡಿದೀವಿ ಅಜ್ಜಿ," ಎಂದು ಮಗಳು ಕೈಯಲ್ಲಿದ್ದ ಗಾಡಿಯ ಬೀಗದ ಕೈ ತೋರಿಸಿದಳು.

ಮುದುಕಿ ಅದನ್ನು ನೋಡಲಿಲ್ಲ. "ಆಫ್ ಮಾಡಿದ್ನಾ?" ಎಂದು ಇನ್ನೊಮ್ಮೆ ಕೇಳಿದಳು, ಈ ಸಲ ಗಂಟಣ್ಣನನ್ನು. ಅವನು ವಯಸ್ಸಾಯಿತು ಪಾಪ ಎಂದುಕೊಂಡು ಮುಂದೆ ನಡೆದ.

ಒಳಗಿನಿಂದ ಮನೆಯೊಡತಿ ಬಂದಳು. ಐವತ್ತರ ಸುಮಾರು, ಮಾತು ಕಮ್ಮಿ. ಅವಳ ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಟ್ರ್ಯಾಕ್ಟರಿನ ಬೀಗದ ಕೈ ನೇತಾಡುತ್ತಿತ್ತು. ಗಂಟಣ್ಣನ ಮುಖ ನೋಡುವ ಮೊದಲು ಅವನ ಎಡಗೈಯನ್ನು ನೋಡಿದಳು. "ಬನ್ನಿ," ಎಂದು ಶೆಡ್ಡಿನ ಕಡೆ ಹೊರಟಳು. ಹಿಂದೆ ಜಗಲಿಯಿಂದ ಮುದುಕಿಯ ದನಿ ಮತ್ತೆ ಕೇಳಿಸಿತು, ಅದೇ ಪ್ರಶ್ನೆ.

ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಇರಲಿಲ್ಲ. ಬೇಲರ್ ಒಂದೇ ತನ್ನ ಮುಂಗಾಲ ಮೇಲೆ ನಿಂತಿತ್ತು, ನೀಲಿ ಬಣ್ಣ ಬಳಿದುಕೊಂಡು. ಐದು ವರ್ಷ ನಿಂತ ಮಷೀನು ಎಂದರೆ ಯಾರೂ ನಂಬುವಂತಿರಲಿಲ್ಲ. ಧೂಳಿಲ್ಲ, ಜೇಡರ ಬಲೆ ಇಲ್ಲ, ಸರಪಳಿಗೆ ಎಣ್ಣೆ ಇದೆ. ಹಿಂದಿನ ಬಾಯಲ್ಲಿ ಮಾತ್ರ ಅರ್ಧ ಆಗಿದ್ದ ಪೆಂಡಿಯೊಂದು ಹಾಗೇ ಕೂತಿತ್ತು, ಕಂದು ಬಣ್ಣಕ್ಕೆ ತಿರುಗಿ. ಇಂಥ ಮಷೀನಿನಲ್ಲಿ ಕೊನೆಯ ಪೆಂಡಿ ಒಳಗೇ ಉಳಿಯುವುದು ಹೊಸದಲ್ಲ, ಆದರೂ ಗಂಟಣ್ಣ ಅದರಿಂದ ದೂರವೇ ನಿಂತ. ಅದು ಯಾವ ದಿನದ ಪೆಂಡಿ ಎಂದು ಕೇಳಬೇಕಾಗಿರಲಿಲ್ಲ.

ಅವನು ನೆತ್ತಿಯ ಮೇಲೆ ಹತ್ತಿ ಆರೂ ಬೆರಳುಗಳನ್ನು ಮುಟ್ಟುತ್ತಾ ಹೋದ. ಒಂದು, ಎರಡು ಸರಿಯಾಗಿದ್ದವು. ಮೂರನೆಯದರ ಬುಡದಲ್ಲಿ ವೆಲ್ಡಿಂಗಿನ ಗಾಯದ ಗುರುತು ಇತ್ತು. ಬಲದಿಂದ ಎಡಕ್ಕೆ ಎಳೆದ ವೆಲ್ಡಿಂಗ್. ಎಡಗೈಯವರು ಹಾಗೆ ಎಳೆಯುತ್ತಾರೆ. ಅವನು ನೀಲಿ ಬಣ್ಣವನ್ನು ಉಗುರಿನಿಂದ ಕೆರೆದ. ಅಡಿಯಲ್ಲಿ ಕೆಂಪು ಕಂಡಿತು. ಹತ್ತು ವರ್ಷದ ಹಿಂದೆ ಇನ್ಯಾರದೋ ಹೊಲದಲ್ಲಿ ಒಂದು ಕೆಂಪು ಬೇಲರಿಗೆ ಅವನೇ ಹಾಕಿದ ವೆಲ್ಡಿಂಗ್ ಅದು. ಆಮೇಲೆ ಆ ಮಷೀನು ಯಾರಿಗೋ ಮಾರಾಟವಾಗಿ ಹೋಗಿತ್ತು.

"ನೋಡಿದ್ದೀರಾ ಇದನ್ನ?" ಎಂದಳು ಮನೆಯೊಡತಿ ಕೆಳಗಿನಿಂದ.

"ಎಷ್ಟೋ ನೋಡಿರ್ತೀನಿ ತಂಗಿ, ಎಲ್ಲಾ ನೆನಪಿರುತ್ತಾ," ಎಂದು ಇಳಿದ. ಹೀಗೇಕೆ ಸುಳ್ಳು ಬಂತು ಎಂದು ಅವನಿಗೇ ತಿಳಿಯಲಿಲ್ಲ.

ಇಳಿದವನ ಕಣ್ಣಿಗೆ ಬಿದ್ದದ್ದು ಸೀಮೆಸುಣ್ಣದ ಗೆರೆಗಳು. ಗಾಲಿಯ ಅಂಚಿನ ಮೇಲೆ ಒಂದು ಗೆರೆ. ಪಕ್ಕದ ಚೌಕಟ್ಟಿನ ಮೇಲೆ ಅದಕ್ಕೆ ಎದುರಾಗಿ ಗೆರೆಗಳ ಒಂದು ದಂಡೇ ಇತ್ತು, ಹಳೆಯವು ಮಾಸಿ, ಹೊಸವು ಬೆಳ್ಳಗೆ, ಒಂದರ ಪಕ್ಕ ಒಂದು.

"ಇದೇನು?"

"ದಿನಾ ಬೆಳಿಗ್ಗೆ ಗೆರೆ ಹಾಕ್ತೀನಿ," ಎಂದಳು ಅವಳು. "ಸಂಜೆ ಬಂದು ನೋಡ್ತೀನಿ. ಸರಿದಿರುತ್ತೆ. ಮೋಡದ ದಿನ ಜಾಸ್ತಿ, ಬಿಸಿಲಿಗೆ ಕಮ್ಮಿ. ಒಂದೊಂದ್ಸಲ ಅಡುಗೆಮನೆವರೆಗೂ ಸದ್ದು ಕೇಳ್ಸುತ್ತೆ."

ಮಗಳು ನಕ್ಕಳು. "ಟ್ರ್ಯಾಕ್ಟರೇ ಇಲ್ಲ, ತಾನಾಗೇ ಹೇಗ್ರೀ ಸರಿಯುತ್ತೆ?"

"ಎಲ್ಲರೂ ಹಾಗೇ ಅಂತಾರೆ," ಎಂದಳು ಅವಳು, ಗಂಟಣ್ಣನನ್ನೇ ನೋಡುತ್ತಾ.

ಮಗಳಿಗೆ ಮಷೀನು ಆಗಲೇ ಮನಸ್ಸಿಗೆ ಹತ್ತಿಬಿಟ್ಟಿತ್ತು. ಕಣ್ಣಲ್ಲಿ ಹಾಲಿನ ಫಾರ್ಮು, ಸೋಮವಾರ, ಎಲ್ಲಾ ಕುಣಿಯುತ್ತಿದ್ದವು. "ಒಳಗಿನ ತಳ ಸವೆದಿದೆಯಾ ನೋಡ್ತೀನಪ್ಪ," ಎನ್ನುತ್ತಲೇ ಟಾರ್ಚು ಹಿಡಿದು ಪಕ್ಕದ ಕಿಂಡಿಯಿಂದ ಒಳಗೆ ತೂರಿಕೊಂಡಳು. ಸೊಂಟ ಹೋಯಿತು, ಬೂಟು ಹೋಯಿತು. ಒಳಗಿನಿಂದ ಅವಳ ದನಿ ಡಬ್ಬಿಯೊಳಗಿಂದ ಬಂದಂತೆ ಬಂತು. "ತಳ ಚೆನ್ನಾಗಿದೆ ಅಪ್ಪ! ಪಿಸ್ಟನ್ನೂ..."

ಟಕ್ ಎಂದಿತು.

ಸಣ್ಣ ಸದ್ದು, ಮುದುಕರ ಮಂಡಿ ಲಟಕ್ ಎಂದಂಥದ್ದು. ಗಂಟಣ್ಣನ ಕಣ್ಣೆದುರೇ ಗಾಲಿಯ ಮೇಲಿನ ಬಿಳಿ ಗೆರೆ ತನ್ನ ಜೋಡಿಯನ್ನು ಬಿಟ್ಟು ಒಂದು ಬೆರಳು ಆಚೆ ಸರಿಯಿತು. ಅವನು ಕೊಕ್ಕೆಯತ್ತ ನೋಡಿದ. ಕೊಕ್ಕೆ ಕೆಳಗೆ ಬಿದ್ದಿರಲಿಲ್ಲ. ಮೇಲಕ್ಕೆ ಎತ್ತಿ ಕಟ್ಟಲಾಗಿತ್ತು. ಬಣ್ಣ ಮಾಸಿದ ದಾರ, ಎಡಗಡೆಯಿಂದ ಎರಡು ಸುತ್ತು, ಬಾಲ ಒಳಗೇ ಮಡಚಿ ಅಡಗಿಸಿದೆ.

"ಹೊರಗೆ ಬಾ!" ಎಂದು ಕಿರುಚಿದ. "ಬಾರೇ ಹೊರಗೆ!" ಎನ್ನುತ್ತಾ ಎರಡೂ ಕೈಯಿಂದ ಗಾಲಿಯನ್ನು ತಬ್ಬಿ ಹಿಡಿದು, ಎದೆಯನ್ನೇ ಅದಕ್ಕೆ ಒತ್ತಿ ನಿಂತುಬಿಟ್ಟ. ಮಗಳು ಗಾಬರಿಬಿದ್ದು ಹೇಗೋ ತೆವಳಿಕೊಂಡು ಹೊರಗೆ ಬಿದ್ದಳು. ಅವಳ ಎರಡು ಕೈ, ಎರಡು ಕಾಲು ಸರಿಯಾಗಿ ಕಂಡ ಮೇಲೂ ಅವನು ಗಾಲಿ ಬಿಡಲಿಲ್ಲ.

"ಏನಾಯ್ತಪ್ಪ? ಇಂಜಿನ್ನೇ ಇಲ್ದಿರೋ ಮಷೀನು ಕಣಪ್ಪ!"

ಮನೆಯೊಡತಿ ಹತ್ತಿರ ಬಂದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಅದೇ ಗಂಟಣ್ಣನನ್ನು ಹೆಚ್ಚು ಹೆದರಿಸಿತು.

"ಕೈ ಬಿಡಿ ಅಣ್ಣ. ಆ ಕಡೆ ಮರದ ಬೆಣೆ ಬಡಿದಿದ್ದೀನಿ, ಎರಡು ಬೆರಳಿಗಿಂತ ಮುಂದೆ ಹೋಗಲ್ಲ. ಇನ್ನೊಬ್ಬರ ಮಗಳನ್ನ ಕೊಲ್ಲೋ ರಾಕ್ಷಸಿ ಅಲ್ಲ ನಾನು." ಆಮೇಲೆ ನಿಧಾನವಾಗಿ ಹೇಳಿದಳು, "ನಿಮಗಿಂತ ಮೊದಲು ಏಳು ಜನ ಬಂದಿದ್ರು. ಈ ಸದ್ದು ಅವರೂ ಕೇಳಿದ್ರು. ಒಬ್ಬರೂ ಗಾಲಿ ಹಿಡ್ಕೊಳ್ಳಲಿಲ್ಲ. ಇಂಜಿನ್ ಇಲ್ದೆ ಇದು ತಿರುಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು."

ಗಂಟಣ್ಣ ಗಾಲಿಯಿಂದ ಕೈ ತೆಗೆದ. ಹೌದು, ಗೊತ್ತಿತ್ತು. ಒತ್ತಿ ಕೂತ ಹುಲ್ಲು ತೇವಕ್ಕೆ ಉಬ್ಬಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಅಷ್ಟು ಭಾರದ ಗಾಲಿ ಒಂದು ಸಲ ಉರುಳಿದರೆ ಅರ್ಧ ಸುತ್ತು ಹೋಗಿ ಪಿಸ್ಟನ್ನನ್ನು ಮತ್ತೆ ಎಳೆದು ತರುತ್ತದೆ. ಅದಕ್ಕೇ ತಾನೇ ಕೊಕ್ಕೆ ಇರುವುದು. ಮೂವತ್ತೈದು ವರ್ಷದಿಂದ ಗೊತ್ತಿದ್ದ ವಿಷಯ. ಗೊತ್ತಿದ್ದೂ ಕಟ್ಟುತ್ತಿದ್ದ.

ಅಷ್ಟರಲ್ಲಿ ಮಗಳ ಕಣ್ಣು ಕೊಕ್ಕೆಯ ಮೇಲೆ ಬಿತ್ತು. ಅವಳ ಮುಖ ಅರಳಿತು. "ಅಯ್ಯೋ, ಇದು ನಿನ್ನ ಗಂಟೇ ಅಲ್ವೇನಪ್ಪ! ನೋಡ್ರೀ, ನಮ್ಮಪ್ಪನ ಗಂಟು ಇದು. ಇಂಥದ್ದು ಇನ್ಯಾರ ಕೈಲೂ..." ಎಂದವಳು ಅಪ್ಪನ ಮುಖ ನೋಡಿ ಅಲ್ಲೇ ನಿಂತಳು.

"ನನ್ನ ಗಂಡನೂ ಹೀಗೇ ಖುಷಿಪಟ್ಟು ತಂದಿದ್ರು," ಎಂದಳು ಮನೆಯೊಡತಿ. "ಗಂಟಣ್ಣನ ಗಂಟು ಇದೆ ಕಣೇ, ಕಣ್ಮುಚ್ಚಿಕೊಂಡು ತಗೊಂಡೆ ಅಂದ್ರು. ಆವತ್ತು ಮಧ್ಯಾಹ್ನ ಹೊಲಕ್ಕೆ ನಾನೇ ಊಟ ತಗೊಂಡು ಹೋಗಿದ್ದೆ. ಹಸಿ ಹುಲ್ಲು ಸಿಕ್ಕಿಕೊಂಡಿತ್ತು. ಅವರು ಇಂಜಿನ್ ಆಫ್ ಮಾಡಿ, ಬೀಗದ ಕೈ ಕಿತ್ತು, ಕಳೆದು ಹೋಗುತ್ತೆ ಹಿಡ್ಕೋ ಅಂತ ನನ್ನ ಕೈಗೆ ಕೊಟ್ಟು ಒಳಗೆ ಇಳಿದ್ರು." ಕೊರಳಲ್ಲಿದ್ದ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದಳು. "ಇದು ನನ್ನ ಕೈಲಿತ್ತು ಅಣ್ಣ. ನಾನು ಬುತ್ತಿ ಬಿಚ್ಚುತ್ತಾ ಇದ್ದೆ. ಟಕ್ ಅಂತು."

ಮಷೀನಿನ ಒಳಗೆಲ್ಲೋ ಹುಲ್ಲು ಸಣ್ಣಗೆ ಚರಚರ ಎಂದು ಅಡಗಿತು.

"ಯಾರೂ ನಂಬಲಿಲ್ಲ. ಇಂಜಿನ್ ಓಡ್ತಿದ್ದಿರಬೇಕು, ನಿಂತ ಮಷೀನು ಹೇಗಮ್ಮ ತಿರುಗುತ್ತೆ ಅಂದ್ರು. ಅತ್ತೆಗೂ ಹಾಗೇ ಹೇಳಿದ್ರು. ನಿಮ್ಮ ಮಗನ ತಪ್ಪೇ ಅಂತ. ಜಗಲಿಯಲ್ಲಿದ್ದಾರಲ್ಲ, ಅವರೇ. ಅವತ್ತಿನಿಂದ ಬಂದವರನ್ನೆಲ್ಲ ಅದೊಂದೇ ಕೇಳ್ತಾರೆ. ನಾನು ಹೇಳಿದ್ರೆ, ನೀನು ಅವನ ಹೆಂಡತಿ, ಹಾಗೇ ಹೇಳ್ತೀಯ ಅಂತಾರೆ. ಗಂಟಿನ ವಿಷಯ ಅಂತ ನಿಮ್ಮನ್ನ ಕರೆದ್ರೆ ನೀವು ಬರ್ತಿರಲಿಲ್ಲ. ಮಾರಾಟಕ್ಕಿದೆ ಅಂದ್ರೆ ಯಾರಾದ್ರೂ ಒಂದಿನ ನಿಮ್ಮನ್ನ ಕರ್ಕೊಂಡೇ ಬರ್ತಾರೆ ಅಂತ ಕಾದೆ."

ಗಂಟಣ್ಣ ಕೆಳಗೆ ಕೂತುಬಿಟ್ಟ. ಇಂಜಿನ್ ಆಫ್ ಮಾಡದ ದಡ್ಡ ಎಂದು ಎಷ್ಟು ಹೊಲಗಳಲ್ಲಿ, ಎಷ್ಟು ಜನರ ಮುಂದೆ ಹೇಳಿ ನಗಿಸಿದ್ದನೋ, ಅವೆಲ್ಲ ಒಂದೊಂದಾಗಿ ನೆನಪಾದವು. ತಲೆ ಎತ್ತಿದರೆ ಮಗಳು ನಿಂತಿದ್ದಳು. ಅವಳು ಅವನನ್ನು ನೋಡುತ್ತಿರಲಿಲ್ಲ, ಆ ಗಂಟನ್ನು ನೋಡುತ್ತಿದ್ದಳು.

"ನನ್ನಿಂದ ಏನಾಗ್ಬೇಕು ಹೇಳು ತಾಯಿ," ಎಂದ.

"ಬಿಚ್ಚಿ."

ಅವನು ಜೇಬಿನಿಂದ ಚಾಕು ತೆಗೆದ. ಅವಳು ತಲೆಯಾಡಿಸಿದಳು. "ಕತ್ತರಿಸೋದಾದ್ರೆ ನಾನೇ ಕತ್ತರಿಸ್ತಿದ್ದೆ. ಕಟ್ಟಿದ ಕೈಯೇ ಬಿಚ್ಚಬೇಕು."

ಬಿಚ್ಚಲು ಬಾರದ ಗಂಟು ಎಂದು ಹೆಸರು ಮಾಡಿದ ಗಂಟು. ಗಂಟಣ್ಣ ಉಗುರು ಹಾಕಿದ. ಹತ್ತು ವರ್ಷದ ಎಣ್ಣೆ, ಬಣ್ಣ, ಧೂಳು ಎಲ್ಲಾ ಕುಡಿದು ದಾರ ಕಲ್ಲಾಗಿತ್ತು. ಉಗುರು ಮುರಿಯಿತು. ಹಲ್ಲಿನಲ್ಲಿ ಕಚ್ಚಿದ, ಬಾಯಿಗೆ ಹಳೇ ಹುಲ್ಲಿನ ಕಹಿ ಬಂತು. ಅವನ ಕೆನ್ನೆಯ ಪಕ್ಕದಲ್ಲೇ ಗಾಲಿ ತಣ್ಣಗೆ ನಿಂತಿತ್ತು. ನಡುವೆ ಎರಡು ಸಲ ಅದು ಬೆಣೆಗೆ ಒತ್ತಿಕೊಂಡು ಟಕ್ ಎಂದಿತು, ಎರಡು ಸಲವೂ ಅವನು ಬೆಚ್ಚಿ ಹಿಂದಕ್ಕೆ ಸರಿದ. ಮನೆಯೊಡತಿ ಪಕ್ಕದ ಮೋಟು ಗೋಡೆಯ ಮೇಲೆ ಕೂತು, ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಒಂದು ಗಂಟೆಯ ಮೇಲೇ ಆಗಿರಬೇಕು, ಅಡಗಿಸಿದ್ದ ಬಾಲ ಕೊನೆಗೆ ತುದಿ ತೋರಿಸಿತು. ಎಳೆದ. ಎರಡು ಸುತ್ತೂ ಬಿಚ್ಚಿಕೊಂಡವು. ಕೊಕ್ಕೆ ಠಣ್ ಎಂದು ಬಿದ್ದು ಗಾಲಿಯ ಹಲ್ಲನ್ನು ಕಚ್ಚಿ ಹಿಡಿಯಿತು. ಇಷ್ಟು ವರ್ಷ ಎಣ್ಣೆ ಕಂಡ ಕೊಕ್ಕೆ, ಸರಾಗವಾಗಿ ಬಿತ್ತು.

"ಇನ್ನೊಂದಿದೆ," ಎಂದಳು ಅವಳು, ಎದ್ದು.

ಏನೆಂದು ಅವನಿಗೆ ಗೊತ್ತಿತ್ತು. ಜಗಲಿಗೆ ಹೋಗಿ ಮುದುಕಿಯ ಕುರ್ಚಿಯ ಮುಂದೆ ಮಂಡಿಯೂರಿ ಕೂತ. ಅವಳು ಅವನ ರಕ್ತ ಒಸರುವ ಬೆರಳು ನೋಡಿದಳು, ಮುಖ ನೋಡಿದಳು.

"ಆಫ್ ಮಾಡಿದ್ನಾ?"

"ಮಾಡಿದ್ದ ಅಮ್ಮ. ಬೀಗದ ಕೈನೂ ಕಿತ್ತು ಹೆಂಡತಿ ಕೈಗೆ ಕೊಟ್ಟಿದ್ದ. ನಿಮ್ಮ ಮಗ ಎಲ್ಲಾ ಸರಿಯಾಗೇ ಮಾಡಿದ್ದ."

"ಮತ್ತೆ?"

"ಕೊಕ್ಕೆ ಬೀಳಲಿಲ್ಲ. ಮೇಲೆ ಕಟ್ಟಿತ್ತು. ಕಟ್ಟಿದೋನು ನಾನು."

ಮುದುಕಿ ಬೈಯುತ್ತಾಳೆ, ಹೊಡೆಯುತ್ತಾಳೆ, ಹೊಡೆದರೆ ಒಳ್ಳೆಯದೇ ಎಂದುಕೊಂಡ ಗಂಟಣ್ಣ. ಅವಳು ಹೊಡೆಯಲಿಲ್ಲ. ಸೊಸೆಯ ಕಡೆ ತಿರುಗಿ, "ಆಫ್ ಮಾಡಿದ್ನಂತೆ ಕಣೇ," ಎಂದಳು. ಹೇಳಿ ಕಣ್ಣು ಮುಚ್ಚಿಕೊಂಡಳು. ಸೊಸೆ ಕಂಬಕ್ಕೆ ಒರಗಿ, ಬಾಯಿಗೆ ಸೆರಗು ಒತ್ತಿಕೊಂಡು ಐದು ವರ್ಷದ ಅಳುವನ್ನು ಅಳತೊಡಗಿದಳು.

ಹೊರಡುವಾಗ ಮನೆಯೊಡತಿ ಗಾಡಿಯವರೆಗೂ ಬಂದಳು. "ನಾಳಿದ್ದು ಬಂದು ಮಷೀನು ತಗೊಂಡು ಹೋಗಮ್ಮ," ಎಂದಳು ಮಗಳಿಗೆ. "ಊರಲ್ಲಿ ನಡೆಯೋ ರೇಟು ಕೊಡು, ಸಾಕು. ಆ ಪೆಂಡಿ ಮಾತ್ರ ಇಲ್ಲೇ ಇಳಿಸಿ ಹೋಗು. ಅದು ನಮ್ಮದು."

ಮಗಳು ತಲೆಯಾಡಿಸಿದಳು. ಮಷೀನು ಸಿಕ್ಕಿತು, ಹಾಲಿನ ಫಾರ್ಮು ಸಿಕ್ಕಿತು. ಅವಳ ಮುಖದಲ್ಲಿ ಅದರ ಸುಳಿವೇ ಇರಲಿಲ್ಲ. ಅರ್ಧ ದಾರಿಯಲ್ಲಿ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು, "ಎಷ್ಟು ಮಷೀನಿಗೆ ಕಟ್ಟಿದ್ದೀಯ ಅಪ್ಪ?"

ಗಂಟಣ್ಣ ಮುಖ ಆಚೆ ತಿರುಗಿಸಿದ. ಕಿಟಕಿಯ ಆಚೆ ಹೊಲಗಳು ಹಾದುಹೋಗುತ್ತಿದ್ದವು. ಕೆಲವು ಹೊಲಗಳಲ್ಲಿ ಬೇಲರುಗಳು ನಿಂತಿದ್ದವು, ಕೆಂಪು, ಹಸಿರು, ಹಳದಿ. ಒಂದರ ಪಕ್ಕದ ಕಿಂಡಿಯಿಂದ ಯಾರದೋ ಎರಡು ಬೂಟು ಹೊರಗೆ ಚಾಚಿಕೊಂಡಿದ್ದವು.

"ನಿಲ್ಸು!" ಎಂದು ಕೂಗಿದ. ಗಾಡಿ ನಿಲ್ಲುವ ಮೊದಲೇ ಬಾಗಿಲು ತೆಗೆದ. ಅಷ್ಟರಲ್ಲಿ ಆ ಬೂಟಿನವನು ತೆವಳಿ ಹೊರಗೆ ಬಂದು, ಬೆನ್ನು ನೆಟ್ಟಗೆ ಮಾಡಿ, ಇವರನ್ನು ಗುರುತಿಸಿ ನಗುತ್ತಾ ಕೈ ಬೀಸಿದ. "ಏನ್ ಗಂಟಣ್ಣ! ನಿಮ್ಮ ಗಂಟು ಇನ್ನೂ ಕಲ್ಲಿನ ಹಾಗಿದೆ ನೋಡಿ!"

ಗಂಟಣ್ಣ ಇಳಿಯಲು ಕಾಲು ಹೊರಗಿಟ್ಟ. ಮಗಳು ಅವನ ತೋಳು ಹಿಡಿದಳು.

"ಇವನಿಗೆ ಒಳಗೆ ಹೋಗ್ಬೇಡ ಅಂತ ಹೇಳು, ನಾಳೆ ಬಂದು ಬಿಚ್ಚೋಣ," ಎಂದಳು. "ಮೊದಲು ಮನೆಗೆ ಹೋಗಿ ನನ್ನ ಬಾಡಿಗೆ ಮಷೀನಿಂದು ಬಿಚ್ಚು. ಹೋದ ವರ್ಷ ಕಟ್ಟಿಕೊಟ್ಟೆಯಲ್ಲ, ಒಬ್ಬಳೇ ಒದ್ದಾಡ್ತೀಯ, ಅನುಕೂಲ ಆಗ್ಲಿ ಅಂತ. ಬುಧವಾರ ನಾನು ಅದರೊಳಗೆ ಅರ್ಧ ಗಂಟೆ ಇದ್ದೆ ಅಪ್ಪ."